ಕಿಡಿಗೇಡಿಗಳು ಸಿಕ್ಕರು, ಮೈಕ್ ಹಿಡಿದವರು ಎಲ್ಲಿ? ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

ನಾನು ದಕ್ಷಿಣ ಕನ್ನಡದವನು. ನಿಷೇಧಾಜ್ಞೆ ನಮಗೆ ಹೊಸದಲ್ಲ. ಹೊಸ ಕಾನೂನಿನಲ್ಲಿ ಅದರ ನಂಬರ್ 163 ಆಗಿದೆ, ಆದರೂ ನಮ್ಮೂರಲ್ಲಿ ಎಲ್ಲರೂ ಈಗಲೂ ‘144 ಹಾಕಿದ್ದಾರಂತೆ’ ಅಂತಲೇ ಹೇಳುತ್ತಾರೆ. ಗಲಾಟೆಯಾದ ಮರುದಿನ ಪೇಪರ್ ಬಿಡಿಸಿ ನೋಡುವ ಅಗತ್ಯವೂ ಇಲ್ಲ. ಕಿಡಿಗೇಡಿಗಳು ಕಲ್ಲು ತೂರಿದ್ದಾರೆ, ಎರಡು ಗುಂಪುಗಳ ನಡುವೆ ಘರ್ಷಣೆ, ಬಿಗಿ ಬಂದೋಬಸ್ತ್, ಪರಿಸ್ಥಿತಿ ಹತೋಟಿಯಲ್ಲಿದೆ. ನಿಮ್ಮ ಇಲಾಖೆಯ ಪ್ರಕಟಣೆಯೂ ಹೆಚ್ಚು ಕಡಿಮೆ ಇದೇ ಧಾಟಿಯಲ್ಲಿ ಇರುತ್ತದೆ.

ಈ ಕಿಡಿಗೇಡಿಗಳು ಯಾರು ಸ್ವಾಮಿ? ಹಿಡಿದ ಮೇಲೆ ನೋಡಿದರೆ ಜಾಸ್ತಿ ಪಾಲು ಇಪ್ಪತ್ತರ ಆಸುಪಾಸಿನ ಹುಡುಗರು. ಮೀನಿನ ಲಾರಿಯ ಕ್ಲೀನರ್, ಮೊಬೈಲ್ ಅಂಗಡಿಯ ಕೆಲಸದವನು, ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು. ಒಂದು ಕೇಸು ಬಿದ್ದರೆ ಪಾಸ್‌ಪೋರ್ಟಿನ ಪೊಲೀಸ್ ವೆರಿಫಿಕೇಶನ್ ನಿಂತುಬಿಡುತ್ತದೆ. ಗಲ್ಫ್‌ಗೆ ಹೋಗುವ ಕನಸು ಅಲ್ಲಿಗೆ ಮುಗೀತು. ಹೆಸರು ರೌಡಿ ಪಟ್ಟಿ ಸೇರಿತೋ, ಹಬ್ಬ ಬಂದಾಗೆಲ್ಲ ಠಾಣೆಗೆ ಹೋಗಿ ಮುಖ ತೋರಿಸಿ ಬರಬೇಕು. ಕಲ್ಲು ಎಸೆದದ್ದು ತಪ್ಪು, ಶಿಕ್ಷೆ ಆಗಲಿ. ಅದರಲ್ಲಿ ನನ್ನ ತಕರಾರಿಲ್ಲ.

ನನ್ನ ತಕರಾರು ವೇದಿಕೆಯ ಮೇಲಿದ್ದವರ ಬಗ್ಗೆ.

ಸಭೆಗೆ ಪರ್ಮಿಷನ್ ಕೊಡುವಾಗ ಪೊಲೀಸರು ಷರತ್ತುಗಳ ಕಾಗದ ಕೊಡುತ್ತಾರೆ. ಪ್ರಚೋದನಕಾರಿ ಭಾಷಣ ಮಾಡಬಾರದು ಅಂತ ಅದರಲ್ಲೇ ಇರುತ್ತದೆ, ಸಂಘಟಕರು ಸಹಿಯನ್ನೂ ಹಾಕುತ್ತಾರೆ. ಆಮೇಲೆ ಹೊರಜಿಲ್ಲೆಯಿಂದ ಭಾಷಣಕಾರರು ಬರುತ್ತಾರೆ. ಪಳಗಿದವರು ಯಾವ ಧರ್ಮದ ಹೆಸರನ್ನೂ ಎತ್ತುವುದಿಲ್ಲ. ‘ಅವರು’ ಅನ್ನುತ್ತಾರೆ, ‘ಆ ಏರಿಯಾದವರು’ ಅನ್ನುತ್ತಾರೆ. ಮೊದಲು ಒಂದು ಜೋಕು, ಆಮೇಲೆ ಎಲ್ಲೋ ನಡೆದದ್ದು ಅಂತ ಒಂದು ಕಥೆ, ಕೊನೆಗೆ ‘ನಾವೇನು ಬಳೆ ತೊಟ್ಟುಕೊಂಡು ಕೂತಿದ್ದೇವಾ?’ ಅಂತ ಕೇಳಿ ಸುಮ್ಮನಾಗುತ್ತಾರೆ. ಉತ್ತರ ಕೆಳಗೆ ಕೂತವರಿಂದ ಬರಬೇಕು. ಬರುತ್ತದೆ, ಶಿಳ್ಳೆಯ ಜೊತೆಗೇ. ವೇದಿಕೆಯ ಪಕ್ಕದಲ್ಲಿ ನಿಮ್ಮ ಸಿಬ್ಬಂದಿ ಇಷ್ಟನ್ನೂ ವಿಡಿಯೋ ಮಾಡುತ್ತಿರುತ್ತಾರೆ. ಭಾಷಣಕಾರರು ಊಟ ಮುಗಿಸಿ ಕಾರು ಹತ್ತುತ್ತಾರೆ. ಕೇಸಾದರೆ ‘ನನ್ನ ಮಾತು ತಿರುಚಿದ್ದಾರೆ’ ಅಂತ ಒಂದು ಹೇಳಿಕೆ. ಎರಡೂ ಕಡೆ ಇಂಥವರಿದ್ದಾರೆ. ಹೆಸರು ನಾನು ಹೇಳಬೇಕಿಲ್ಲ, ನಿಮ್ಮ ಫೈಲಿನಲ್ಲೇ ಇದೆ.

ಆ ಫೈಲಿನ ವಿಚಾರಕ್ಕೇ ಈ ಪತ್ರ.

ಎರಡು ಕೋಮುಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ ಮೊದಲು ಐಪಿಸಿ 153ಎ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್. ಮೂರು ವರ್ಷದವರೆಗೆ ಜೈಲು. ಪೂಜಾಸ್ಥಳದಲ್ಲಿ ಮಾಡಿದರೆ ಐದು ವರ್ಷದವರೆಗೆ. ಎಫ್‌ಐಆರ್ ಹಾಕಲು ಯಾರ ಅಪ್ಪಣೆಯೂ ಬೇಡ. 2023ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಲ್ಲಾ ರಾಜ್ಯಗಳಿಗೂ ಹೇಳಿದ್ದು ಇದನ್ನೇ: ದ್ವೇಷ ಭಾಷಣ ಮಾಡಿದವರು ಯಾವ ಧರ್ಮದವರೇ ಆಗಲಿ, ದೂರಿಗೆ ಕಾಯಬೇಡಿ, ನೀವೇ ಕೇಸು ಹಾಕಿ, ತಡ ಮಾಡಿದರೆ ಅದು ನ್ಯಾಯಾಂಗ ನಿಂದನೆ.

ಕೇಸು ಬೀಳುತ್ತದೆ, ಪೇಪರಿನಲ್ಲೂ ಬರುತ್ತದೆ. ಆದರೆ ಕೋರ್ಟು ಆ ಕೇಸನ್ನು ವಿಚಾರಣೆಗೆ ತಗೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಹಳೇ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 217ನೇ ಸೆಕ್ಷನ್ ಹೇಳುವುದು ಅದನ್ನೇ. ಅನುಮತಿ ಕೇಳುವ ಕಡತ ಠಾಣೆಯಿಂದ ಹೊರಟು ಮೇಲೇರುತ್ತಾ ಬೆಂಗಳೂರಿಗೆ ಬರುತ್ತದೆ. ಅಂದರೆ ನಿಮ್ಮ ಇಲಾಖೆಗೆ. ಕಲ್ಲೆಸೆದ ಹುಡುಗನ ಮೇಲಿನ ದೊಂಬಿ ಕೇಸಿಗೆ ಈ ಅನುಮತಿ ಬೇಕಾಗಿಲ್ಲ, ಅದು ನೇರ ಕೋರ್ಟಿಗೆ. ಕೆರಳಿಸಿದವರ ಕೇಸು ಮಾತ್ರ ಸರ್ಕಾರದ ಮರ್ಜಿಗೆ ಕಾಯಬೇಕು. ಹಾಗೆ ಕಾಯುತ್ತಿರುವ ಕಡತಗಳು ಇವತ್ತು ಎಷ್ಟಿವೆ?

ಅನುಮತಿ ಸಿಕ್ಕ ಮೇಲೂ ಭರವಸೆಯಿಲ್ಲ. ಸರ್ಕಾರ ಬದಲಾದರೆ ಕೇಸು ವಾಪಸ್. 2015ರಲ್ಲಿ ಕಾಂಗ್ರೆಸ್ ಸರ್ಕಾರ ಸುಮಾರು 1,600 ಜನರ ಮೇಲಿದ್ದ 175 ಕೇಸು ಕೈಬಿಡಲು ತೀರ್ಮಾನಿಸಿತು. 2020ರಲ್ಲಿ ಬಿಜೆಪಿ ಸರ್ಕಾರ 61 ಕೇಸು ಕೈಬಿಡಲು ಹೊರಟಿತು, ಅದರಲ್ಲಿ ಮಂತ್ರಿಗಳ ಮೇಲಿನವೂ ಇದ್ದವು. ಹೈಕೋರ್ಟ್ ತಡೆಯಿತು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಕಾಂಗ್ರೆಸ್ ಸರ್ಕಾರದಿಂದ 43 ಕೇಸು. 2022ರಲ್ಲಿ ಒಂದು ಸೋಷಿಯಲ್ ಮೀಡಿಯಾ ಪೋಸ್ಟಿನಿಂದ ಶುರುವಾಗಿ ಪೊಲೀಸ್ ಠಾಣೆಗೇ ಕಲ್ಲು ಬಿದ್ದ ಹಳೇ ಹುಬ್ಬಳ್ಳಿ ಗಲಭೆಯ ಕೇಸೂ ಅದರಲ್ಲಿತ್ತು. ಕಲ್ಲೇಟು ತಿಂದವರು ನಿಮ್ಮದೇ ಪೊಲೀಸರು, ಅಲ್ವಾ? 2025ರ ಮೇನಲ್ಲಿ ಹೈಕೋರ್ಟ್ ಆ ಆದೇಶವನ್ನೂ ರದ್ದು ಮಾಡಿತು. ಇವೆಲ್ಲ ಭಾಷಣದ ಕೇಸುಗಳಲ್ಲ, ಒಪ್ಪುತ್ತೇನೆ. ಆದರೆ ‘ನಮ್ಮ ಸರ್ಕಾರ ಬರಲಿ, ನೋಡಿಕೊಳ್ಳೋಣ’ ಅಂತ ಮುಖಂಡರು ಹುಡುಗರಿಗೆ ಧೈರ್ಯ ತುಂಬುವುದು ಇದನ್ನೇ ನಂಬಿಕೊಂಡು.

ಈಗ ಹೊಸ ಮಸೂದೆ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಗದ್ದಲದಲ್ಲೇ ದ್ವೇಷ ಭಾಷಣ ತಡೆ ಮಸೂದೆಗೆ ಎರಡೂ ಸದನಗಳು ಒಪ್ಪಿಗೆ ಕೊಟ್ಟವು. ಜಾಮೀನಿಲ್ಲದ ಅಪರಾಧ, ಏಳು ವರ್ಷದವರೆಗೆ ಜೈಲು. ಅದೇ ವರ್ಷದ ಜೂನ್‌ನಲ್ಲಿ ನಮ್ಮ ಜಿಲ್ಲೆ, ಉಡುಪಿ, ಶಿವಮೊಗ್ಗಕ್ಕೆ ಅಂತಲೇ ವಿಶೇಷ ಕಾರ್ಯಪಡೆಯನ್ನೂ ಕೊಟ್ಟಿರಿ. ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಮೂರು ವರ್ಷದ ಶಿಕ್ಷೆಯನ್ನೇ ಕೊಡಿಸಲಾಗದವರು ಏಳು ವರ್ಷದ್ದನ್ನು ಹೇಗೆ ಕೊಡಿಸುತ್ತೀರಿ?

ಇನ್ನೊಂದು ಭಯವೂ ಇದೆ. 2020ರಲ್ಲಿ ಬೀದರ್‌ನ ಶಾಲೆಯೊಂದರಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕ ಆಡಿದರು. ಕೆಲವೇ ದಿನಗಳಲ್ಲಿ ಮುಖ್ಯ ಶಿಕ್ಷಕಿ ಮತ್ತು ಒಬ್ಬ ಹುಡುಗಿಯ ತಾಯಿ ಜೈಲು ಸೇರಿದರು. ಮಕ್ಕಳನ್ನು ವಿಚಾರಿಸಲು ಸಮವಸ್ತ್ರದ ಪೊಲೀಸರು ಶಾಲೆಗೇ ಹೋದರು. ರಾಜದ್ರೋಹದ ಆ ಕೇಸನ್ನು ಹೈಕೋರ್ಟ್ ರದ್ದು ಮಾಡಿದ್ದು 2023ರಲ್ಲಿ. ಬೇಕೆಂದಾಗ ಇಲಾಖೆ ಎಷ್ಟು ಚುರುಕು ಅನ್ನುವುದು ಅಲ್ಲೇ ಗೊತ್ತಾಯಿತು. ಸರ್ಕಾರವನ್ನು ಖಾರವಾಗಿ ಬೈಯುವವನೂ, ಪಕ್ಕದ ಬೀದಿಯವರ ಮೇಲೆ ಜನರನ್ನು ಛೂ ಬಿಡುವವನೂ ಒಂದೇ ಅಲ್ಲ. ಹೊಸ ಕಾನೂನಿನ ನಿಯಮ ಬರೆಯುವವರು ಆ ಗೆರೆಯನ್ನು ಎಳೆದೇ ಮುಂದುವರಿಯಲಿ.

ನಾನು ಕೇಳುವುದು ದೊಡ್ಡದೇನಲ್ಲ. ಕಳೆದ ಹತ್ತು ವರ್ಷಗಳಲ್ಲಿ 153ಎ ಮತ್ತು 196ರ ಅಡಿ ಎಷ್ಟು ಕೇಸು ದಾಖಲಾದವು, ಎಷ್ಟಕ್ಕೆ ಅನುಮತಿ ಕೇಳಿದರು, ಕೇಳಿದ ದಿನಾಂಕ ಯಾವುದು, ಕೊಟ್ಟ ದಿನಾಂಕ ಯಾವುದು, ಯಾವುದನ್ನು ಯಾವ ಸರ್ಕಾರ ವಾಪಸ್ ಪಡೆಯಿತು, ಎಷ್ಟರಲ್ಲಿ ಶಿಕ್ಷೆಯಾಯಿತು. ಜಿಲ್ಲಾವಾರು ಒಂದು ಪಟ್ಟಿ ಸಾಕು. ಮುಂದಿನ ಅಧಿವೇಶನದಲ್ಲಿ ಸದನದ ಮುಂದಿಡಿ. ನಿಮ್ಮ ಪಕ್ಷದವರ ಹೆಸರು ಇದ್ದರೂ ಇಡಿ, ಎದುರು ಪಕ್ಷದವರದ್ದು ಇದ್ದರೂ ಇಡಿ. ಹಾಗೆಯೇ ಮುಂದಿನ ಸಲ ನಮ್ಮ ಕಡೆ ಗಲಾಟೆಯಾದಾಗ, ಹಿಂದಿನ ದಿನ ಅಲ್ಲಿ ಯಾರ ಸಭೆ ಇತ್ತು, ಷರತ್ತಿನ ಕಾಗದಕ್ಕೆ ಸಹಿ ಹಾಕಿದವರು ಯಾರು, ಅವರ ಮೇಲೆ ಏನು ಕ್ರಮ ಆಯಿತು ಅನ್ನುವುದನ್ನೂ ಇಲಾಖೆಯ ಪ್ರಕಟಣೆಯಲ್ಲಿ ಸೇರಿಸಲು ಹೇಳಿ.

ಇತಿ,
ಕರಾವಳಿಯ ಒಬ್ಬ ಮತದಾರ