ವಿಪತ್ತಿನ ಪಾಠ ಉತ್ತರ ಪತ್ರಿಕೆಗೇ ಮುಗಿಯಬಾರದು

ಮಾನ್ಯ ಸಂಪಾದಕರೇ,

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸಂಭವಿಸಿದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡ ಬಳಿಕ ಅನುಮತಿ, ಬಂದೋಬಸ್ತ್, ಗೇಟುಗಳ ನಿರ್ವಹಣೆ ಕುರಿತು ವ್ಯಾಪಕ ಚರ್ಚೆ ನಡೆಯಿತು, ನಡೆಯಲೇಬೇಕಿತ್ತು. ಆದರೆ ಆ ಸಂಜೆ ಗಾಯಾಳುಗಳನ್ನು ಬೌರಿಂಗ್, ವೈದೇಹಿ ಮುಂತಾದ ಹತ್ತಿರದ ಆಸ್ಪತ್ರೆಗಳಿಗೆ ಕರೆತಂದಾಗ ಎದುರಾದಂಥ ಸನ್ನಿವೇಶಕ್ಕೆ ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ನಾವು ಎಷ್ಟರ ಮಟ್ಟಿಗೆ ಸಜ್ಜುಗೊಳಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ವೈದ್ಯಕೀಯ ಕಾಲೇಜಿನಲ್ಲಿ ದೀರ್ಘಕಾಲ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಪಾಠ ಹೇಳಿದವನಾಗಿ ಈ ಪ್ರಶ್ನೆಯನ್ನು ನಿಮ್ಮ ಓದುಗರ ಮುಂದಿಡಲು ಬಯಸುತ್ತೇನೆ.

ನಗರದಲ್ಲಿ ಅವಘಡ ಸಂಭವಿಸಿದಾಗ ಜನರು ಆಂಬುಲೆನ್ಸ್‌ಗಾಗಿ ಕಾಯುವುದಿಲ್ಲ. ಆಟೊ, ಪೊಲೀಸ್ ಜೀಪು, ಬೈಕು, ಕೈಗೆ ಸಿಕ್ಕಿದ್ದರಲ್ಲಿ ಗಾಯಾಳುಗಳನ್ನು ಹತ್ತಿರದ ಆಸ್ಪತ್ರೆಗೆ ಸಾಗಿಸುತ್ತಾರೆ. ನಡೆಯಬಲ್ಲವರು ತಾವೇ ಮೊದಲು ಬಂದು ಹಾಸಿಗೆಗಳನ್ನು ತುಂಬುತ್ತಾರೆ. ಜೀವನ್ಮರಣದ ಅಂಚಿನಲ್ಲಿರುವವರು ಅವರ ಹಿಂದೆ ಬರುತ್ತಾರೆ. ಆ ಹೊತ್ತಿನಲ್ಲಿ ಕ್ಯಾಶುವಾಲಿಟಿಯಲ್ಲಿ (ತುರ್ತು ಚಿಕಿತ್ಸಾ ವಿಭಾಗದಲ್ಲಿ) ಎದುರಾಗುವವರು ಹಿರಿಯ ತಜ್ಞರಲ್ಲ, ಹೌಸ್ ಸರ್ಜನ್‌ಗಳು, ಅಂದರೆ ಇಂಟರ್ನ್‌ಷಿಪ್‌ನಲ್ಲಿರುವ ಕಿರಿಯ ವೈದ್ಯರು. ಒಂದು ವರ್ಷದ ಕಡ್ಡಾಯ ಇಂಟರ್ನ್‌ಷಿಪ್‌ನಲ್ಲಿ ಕ್ಯಾಶುವಾಲಿಟಿಗೆ ಮೀಸಲಾಗಿರುವುದು ಎರಡು ವಾರ ಮಾತ್ರ. ಅದಕ್ಕೆ ಮೊದಲು ವಿಪತ್ತು ನಿರ್ವಹಣೆಯನ್ನು ವಿದ್ಯಾರ್ಥಿಗಳು ಓದುವುದು ಸಮುದಾಯ ವೈದ್ಯಶಾಸ್ತ್ರದ ಒಂದು ಅಧ್ಯಾಯವಾಗಿ. ವಿಪತ್ತು ನಿರ್ವಹಣೆಯ ಹಂತಗಳು, ಮಾನವನಿರ್ಮಿತ ವಿಪತ್ತುಗಳು, ರಾಷ್ಟ್ರೀಯ ಪ್ರಾಧಿಕಾರದ ರಚನೆ, ಇವಿಷ್ಟನ್ನು ವಿವರಿಸಿ ಬರೆದರೆ ಅಂಕ ಸಿಗುತ್ತದೆ. ಮೂವತ್ತು ಗಾಯಾಳುಗಳು ಒಟ್ಟಿಗೆ ಬಂದರೆ ಮೊದಲು ಯಾರ ಬಳಿ ಹೋಗಬೇಕು ಎಂಬುದನ್ನು ಮಾಡಿ ತೋರಿಸಬೇಕಾದ ಪ್ರಮೇಯವೇ ಬರುವುದಿಲ್ಲ.

ಹಾಗೆಂದು ಅದು ಕಲಿಯಲಾಗದಷ್ಟು ಕಠಿಣ ವಿದ್ಯೆಯೇನೂ ಅಲ್ಲ. ಗಾಯಾಳುಗಳನ್ನು ತುರ್ತಿಗೆ ಅನುಗುಣವಾಗಿ ವಿಂಗಡಿಸುವ ಟ್ರಯಾಜ್ ಎಂಬ ಕ್ರಮದಲ್ಲಿ ಒಬ್ಬೊಬ್ಬರಿಗೆ ಒಂದು ನಿಮಿಷವೂ ಬೇಕಾಗುವುದಿಲ್ಲ. ಎದ್ದು ನಡೆಯಬಲ್ಲವರಿಗೆ ಹಸಿರು ಪಟ್ಟಿ ಕಟ್ಟಿ ಬದಿಗೆ ಕಳುಹಿಸಬೇಕು. ಉಸಿರಾಟ ನಿಮಿಷಕ್ಕೆ 30ನ್ನು ಮೀರಿದ್ದರೆ, ಉಗುರನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಕೆಂಪು ಮರಳದಿದ್ದರೆ, ಅಥವಾ 'ನನ್ನ ಕೈ ಹಿಡಿದುಕೊಳ್ಳಿ' ಎಂದಾಗ ಹಿಡಿಯಲಾಗದಿದ್ದರೆ ಕೆಂಪು ಪಟ್ಟಿ, ಮೊದಲ ಚಿಕಿತ್ಸೆ ಇವರಿಗೇ. ಇವಾವುದೂ ಇಲ್ಲದೆ ನಡೆಯಲು ಮಾತ್ರ ಆಗದವರಿಗೆ ಹಳದಿ. ಶ್ವಾಸಮಾರ್ಗ ತೆರೆದರೂ ಉಸಿರು ಬಾರದವರಿಗೆ ಕಪ್ಪು, ಅಂದರೆ ಅವರನ್ನು ಬಿಟ್ಟು ಮುಂದಿನವರ ಬಳಿ ಹೋಗಬೇಕು. ಇದೇ ಎಲ್ಲಕ್ಕಿಂತ ಕಷ್ಟದ ನಿರ್ಧಾರ. ಅಣಕು ಕಾರ್ಯಾಚರಣೆಗಳಲ್ಲಿ ನಾನು ಗಮನಿಸಿದ್ದು ಒಂದೇ ಸಂಗತಿ: ಕಾಲಿನ ಗಾಯಕ್ಕೆ ಗಟ್ಟಿಯಾಗಿ ಚೀರುವ 'ರೋಗಿ'ಯ ಸುತ್ತ ನಾಲ್ವರು ವಿದ್ಯಾರ್ಥಿಗಳು ನೆರೆಯುತ್ತಾರೆ, ಗೋಡೆಗೊರಗಿ ಸದ್ದಿಲ್ಲದೆ ಏದುಸಿರು ಬಿಡುತ್ತಿರುವವನ ಕಡೆ ಯಾರೂ ತಿರುಗುವುದಿಲ್ಲ. ಎರಡನೇ ಬಾರಿ ಅದೇ ಅಭ್ಯಾಸ ಮಾಡಿಸಿದಾಗ ಅದೇ ವಿದ್ಯಾರ್ಥಿಗಳು ನೇರವಾಗಿ ಗೋಡೆಯ ಬಳಿಗೆ ಹೋಗುತ್ತಾರೆ.

ನಗರದ ಒಂದೊಂದು ದುರಂತಕ್ಕೂ ಅದರದೇ ವೈದ್ಯಕೀಯ ಸ್ವರೂಪವಿದೆ. ಕಾಲ್ತುಳಿತದಲ್ಲಿ ಎದೆಯ ಮೇಲೆ ಬಿದ್ದ ಒತ್ತಡದಿಂದ ಉಸಿರುಗಟ್ಟಿದವರ ಮೈಮೇಲೆ ಒಂದು ತೊಟ್ಟು ರಕ್ತವೂ ಕಾಣದಿರಬಹುದು. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನರನ್ನು ಬಲಿ ಪಡೆದಂಥ ಬೆಂಕಿಯಲ್ಲಿ ಸುಟ್ಟಗಾಯಗಳಿಗಿಂತ ಹೊಗೆಯೂ ಎತ್ತರದಿಂದ ಜಿಗಿದಾಗ ಆಗುವ ಪೆಟ್ಟುಗಳೂ ಹೆಚ್ಚು ಅಪಾಯಕಾರಿ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದಾಗ ಹಲವರು ಅವಶೇಷಗಳಡಿ ದಿನಗಟ್ಟಲೆ ಸಿಲುಕಿದ್ದರು. ಹಾಗೆ ತಾಸುಗಟ್ಟಲೆ ಜಜ್ಜಿಹೋದ ಕಾಲಿನ ಮೇಲಿನ ಭಾರವನ್ನು ಏಕಾಏಕಿ ಎತ್ತಿದರೆ ಸ್ನಾಯುಗಳಲ್ಲಿ ಬಿಡುಗಡೆಯಾದ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಆದ್ದರಿಂದ ಭಾರ ಎತ್ತುವ ಮೊದಲೇ ಸಲೈನ್ ಆರಂಭಿಸಬೇಕು. ಇದನ್ನು ವೈದ್ಯರಷ್ಟೇ ತಿಳಿದಿದ್ದರೆ ಸಾಲದು, ಅಗ್ನಿಶಾಮಕ ಸಿಬ್ಬಂದಿಗೂ ತಿಳಿದಿರಬೇಕು. ಇಬ್ಬರೂ ಒಂದೇ ಮೈದಾನದಲ್ಲಿ ಜತೆಯಾಗಿ ಅಭ್ಯಾಸ ಮಾಡದ ಹೊರತು ಇದು ಸಾಧ್ಯವಿಲ್ಲ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ವೈದ್ಯಕೀಯ ಸನ್ನದ್ಧತೆ ಕುರಿತ ಮಾರ್ಗಸೂಚಿಯನ್ನು 2007ರಲ್ಲೇ ಹೊರಡಿಸಿದೆ. ಕಾಲೇಜುಗಳ ಮಟ್ಟದಲ್ಲಿ ಆಗಬೇಕಾದುದಕ್ಕೆ ದೊಡ್ಡ ವೆಚ್ಚವೂ ಇಲ್ಲ: ಬಣ್ಣದ ಪಟ್ಟಿಗಳು, ಗಾಯಾಳುಗಳ ಪಾತ್ರ ವಹಿಸಲು ಕಿರಿಯ ವಿದ್ಯಾರ್ಥಿಗಳು, ಕಾಲೇಜಿನ ಅಂಗಳ ಮತ್ತು 108 ಸೇವೆ, ಅಗ್ನಿಶಾಮಕ ಹಾಗೂ ಪೊಲೀಸ್ ಇಲಾಖೆಗಳ ಸಹಕಾರ. ಮೊದಲ ವರ್ಷದಲ್ಲೇ ಪ್ರತಿ ವಿದ್ಯಾರ್ಥಿಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವ ಕ್ರಮ) ಮತ್ತು ರಕ್ತಸ್ರಾವ ತಡೆಯುವುದನ್ನು ಕಲಿಸಿ, ಅಂತಿಮ ವರ್ಷದಲ್ಲಿ ಟ್ರಯಾಜ್ ಅಭ್ಯಾಸವನ್ನು ಕಡ್ಡಾಯಗೊಳಿಸಿ, ಅದನ್ನು ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾಡಿಸಿಯೇ ನೋಡಬೇಕು. ಪೂರ್ವಸೂಚನೆ ಇಲ್ಲದ ರಾತ್ರಿ ಪಾಳಿಯ ಅಣಕು ಕಾರ್ಯಾಚರಣೆ ವರ್ಷಕ್ಕೊಂದಾದರೂ ನಡೆಯಬೇಕು, ಏಕೆಂದರೆ ಹಗಲಿನಲ್ಲಿ ಫೋಟೊಗಾಗಿ ನಡೆಸುವ ಅಭ್ಯಾಸದಲ್ಲಿ ಬ್ಲಡ್ ಬ್ಯಾಂಕಿನ ಫೋನ್ ಯಾರೂ ಎತ್ತುವುದಿಲ್ಲ ಎಂಬಂಥ ಕೊರತೆ ಬೆಳಕಿಗೆ ಬರುವುದೇ ಇಲ್ಲ.

ವಿದ್ಯಾರ್ಥಿಗಳನ್ನು ಕುಸಿದ ಕಟ್ಟಡದೊಳಗೆ ಕಳುಹಿಸಬೇಕೆಂದು ನಾನು ಹೇಳುತ್ತಿಲ್ಲ. ಅವರ ಸ್ಥಾನ ಆಸ್ಪತ್ರೆಯ ಬಾಗಿಲಲ್ಲಿ, ಹಿರಿಯರ ಮೇಲ್ವಿಚಾರಣೆಯಲ್ಲಿ. ದುರಂತದ ನಂತರ ಅವರ ಮನಸ್ಸಿನ ಆರೈಕೆಯ ಹೊಣೆಯನ್ನೂ ಕಾಲೇಜು ಹೊರಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಮುಂದಿನ ತಂಡದ ಇಂಟರ್ನ್‌ಷಿಪ್ ಆರಂಭವಾಗುವ ಮುನ್ನವೇ ತನ್ನ ಅಧೀನದ ಕಾಲೇಜುಗಳಿಗೆ ಈ ಬಗ್ಗೆ ಸುತ್ತೋಲೆ ಹೊರಡಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕ, ಬೆಂಗಳೂರು