ಬನಶಂಕರಿ ಹೊಂಡದ ತೆಪ್ಪ

ಚಿರಂಜೀವಿ ಮಗಳಿಗೆ, ಗುಳೇದಗುಡ್ಡದಿಂದ ಅಪ್ಪನ ಆಶೀರ್ವಾದ.

ನಿನ್ನೆ "ನನ್ನ ಕೂಸು ನಿನ್ನ ಹರಕೆಯ ಸಾಮಾನಲ್ಲ" ಅಂದು ಪಟಕ್ಕನೆ ಫೋನ್ ಇಟ್ಟುಬಿಟ್ಟೆ. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಅದಕ್ಕೇ ಬರೆಯಲು ಕೂತೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ, ಅಲ್ವಾ?

ಕೂಸು ಹುಟ್ಟಿದಾಗ ಏನೇನಾಯಿತು ಅನ್ನುವುದು ಇಬ್ಬರಿಗೂ ಗೊತ್ತು. ಅದನ್ನು ಬರೆಯುವುದಿಲ್ಲ. ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ತಾಯಿ ಬನಶಂಕರಿ, ಇದು ಮನೆಗೆ ಬರಲಿ, ತೆಪ್ಪದಲ್ಲಿ ಮಲಗಿಸಿ ನಿನ್ನ ಹೊಂಡದಲ್ಲಿ ಬಿಡಿಸುತ್ತೇನೆ." ಯಾರನ್ನೂ ಕೇಳಲಿಲ್ಲ. ಕೇಳುವ ಹೊತ್ತಾಗಿರಲಿಲ್ಲ ಅದು.

ನಿನ್ನನ್ನೂ ಹಾಗೇ ಬಿಟ್ಟಿದ್ದೆವು. ಈ ಕತೆ ಕೇಳಿ ಕೇಳಿ ನಿನಗೆ ಸಾಕಾಗಿದೆ. ಆದರೆ ನೀನು ಕೇಳಿದ್ದು ಅವ್ವನ ಬಾಯಲ್ಲಿ. ಅವಳು ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ನೀರಲ್ಲಿದ್ದವ ನಾನು.

ಬಾಳೆದಿಂಡು ಕಡಿದು ಜೋಡಿಸಿ, ಹಗ್ಗದಿಂದ ಬಿಗಿದಿದ್ದರು. ಮೇಲೆ ಬಾಳೆ ಎಲೆ, ಎಲೆಯ ಮೇಲೆ ನಿನ್ನಜ್ಜಿಯ ಹಳೇ ಇಳಕಲ್ ಸೀರೆಯ ಮಡಿಕೆ, ಅದರ ಮೇಲೆ ನೀನು. ಆ ವರ್ಷ ಹೊಂಡದಲ್ಲಿ ನೀರು ಚೆನ್ನಾಗಿತ್ತು. ಮೆಟ್ಟಿಲ ಬದಿಯಲ್ಲೇ ನನ್ನ ಎದೆಮಟ್ಟ. ಈಜು ಬಲ್ಲವರು ಎರಡೂ ಕಡೆ ದಿಂಡು ಹಿಡಿದಿದ್ದರು, ಹಿಂದೆ ನಾನು. ಕಾಲ ಕೆಳಗೆ ಪಾಚಿ. ಧೋತರ ನೆನೆದು ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ತಿರುಗಿಸುವಾಗ ದಿಂಡು ಒಂಚೂರು ವಾಲಿತು. ನಿನ್ನ ಹಿಮ್ಮಡಿಗೆ ನೀರು ತಾಗಿತು. ನೀನು ಅಳಲಿಲ್ಲ. ಕಾಲು ಎಳೆದುಕೊಂಡು, ಹುಬ್ಬು ಗಂಟು ಹಾಕಿ ನನ್ನನ್ನೇ ನೋಡಿದೆ. ದಂಡೆಯಲ್ಲಿ ಜನ "ಉಧೋ" ಅಂತ ಕೂಗುತ್ತಿದ್ದರು. ನನಗೆ ಕೇಳಿದ್ದು ನನ್ನ ಉಸಿರು ಮಾತ್ರ. ಇವತ್ತಿಗೂ ಒಂದೊಂದು ರಾತ್ರಿ ಆ ವಾಲಿದ್ದು ನೆನಪಾಗಿ ಎಚ್ಚರವಾಗುತ್ತದೆ. ಕೈ ಚಾಚಿ ಹಾಸಿಗೆ ಮುಟ್ಟಿ ನೋಡಿಕೊಳ್ಳುತ್ತೇನೆ. ಅವ್ವನಿಗೆ ಇದನ್ನು ಹೇಳಿಲ್ಲ. ನೀನೂ ಹೇಳಬೇಡ.

ಹಾಗಿದ್ದೂ ಮೊಮ್ಮಗಳಿಗೆ ಯಾಕೆ ಹರಕೆ ಹೊತ್ತೆ ಅಂತ ಕೇಳುತ್ತೀ. ನೀನು ಬದುಕಿ ಬೆಳೆದೆಯಲ್ಲ, ಅದಕ್ಕೇ.

"ಇವೆಲ್ಲ ಹಳೇ ಕಾಲದವು" ಅಂದೆ. ಬಾದಾಮಿ ಹತ್ತಿರದ ಬನಶಂಕರಿಯ ಚಾಲುಕ್ಯರ ಕಾಲದ ಗುಡಿ ಹೋಗಿ, ಈಗಿರುವುದನ್ನು ಮರಾಠಾ ಸರದಾರ ಪರಶುರಾಮ ಅಗಳೆ 1750ರಲ್ಲಿ ಕಟ್ಟಿಸಿದ್ದು. ಗುಡಿ ಬದಲಾಯಿತು, ನಡೆದುಕೊಳ್ಳುವ ಜನ ಬಿಡಲಿಲ್ಲ. ನಮ್ಮಂಥ ನೇಕಾರರ ಮನೆಗೆ ಅವಳೇ ಕುಲದೇವಿ. ಬನದ ಹುಣ್ಣಿಮೆಯ ಮುನ್ನಾದಿನ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯದ ನೈವೇದ್ಯ ಮಾಡುತ್ತಾರೆ. ಬರಗಾಲದಲ್ಲಿ ಕಾಯಿಪಲ್ಯ ಕೊಟ್ಟು ಜನರನ್ನು ಉಳಿಸಿದಳು ಅಂತಲೇ ಅವಳನ್ನು ಶಾಕಾಂಬರಿ ಅನ್ನುವುದು. ಉಣ್ಣಲು ಕೊಟ್ಟವಳು ಕೂಸನ್ನು ಮುಳುಗಿಸುತ್ತಾಳಾ? "ಅವಳು ಮುಳುಗಿಸಲ್ಲಪ್ಪ, ಹಿಡಿದವರ ಕೈ ಜಾರಬಹುದು" ಅನ್ನುತ್ತೀ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೀರು ಹೊಲಸು ಅಂದದ್ದಕ್ಕೂ ಇಲ್ಲ. ಹೊಂಡ ಪೂರ್ತಿ ಒಣಗಿದ ವರ್ಷಗಳೂ ಇವೆ.

ಆದರೂ ಹರಕೆ ಅಂದರೆ ಸಾಲ. ತೀರಿಸದೆ ಇಟ್ಟುಕೊಳ್ಳಬಾರದು. ದೊಡ್ಡವರು ಮಾತಾಡುವಾಗ ಫೋನ್ ಇಡಬಾರದು. ಹಾಲುಣಿಸುವವಳು ಅರ್ಧರಾತ್ರಿವರೆಗೆ ಲ್ಯಾಪ್‌ಟಾಪ್ ಮುಂದೆ ಕೂರಬಾರದು. ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಬುದ್ಧಿ ಹೇಳಬಾರದು ಅಂದುಕೊಂಡೇ ಬರೆಯಲು ಕೂತಿದ್ದೆ, ನೋಡು, ಶುರುವಾಯಿತು.

ನಮ್ಮ ಮನೆತನದಲ್ಲಿ ನನ್ನ ಎದುರು "ಆಗೋದಿಲ್ಲ" ಅಂದ ಹೆಣ್ಣುಮಗಳು ನೀನೇ ಮೊದಲು. ಸಿಟ್ಟು ಬಂತು. ರಾತ್ರಿ ಅವ್ವನಿಗೆ ಹೇಳಿಕೊಂಡು ನಕ್ಕೆ. ಅವಳು ನಗಲಿಲ್ಲ. "ಅವಳ ಕೂಸು, ಅವಳ ಜೀವ" ಅಂದು ಮಗ್ಗುಲು ಬದಲಿಸಿದಳು. ನಿನಗೆ ನೋವಾಗಿದ್ದರೆ ಹೊಟ್ಟೆಗೆ ಹಾಕಿಕೋ, ತಂಗಿ.

ತೆಪ್ಪದಲ್ಲಿ ಕೂಸಿನ ಬದಲು ತೆಂಗಿನಕಾಯಿ, ನಾನೇ ನೇಯ್ದ ಖಣ ಇಟ್ಟು ಬಿಟ್ಟರೆ ನಡೆದೀತೇ ಅಂತ ಪೂಜಾರಿಗಳನ್ನು ಕೇಳುತ್ತೇನೆ. ಆಗಲ್ಲ ಅಂದರೆ ಮತ್ತೆ ಜಗಳ ಮಾಡೋಣ, ಊರಿಗೆ ಬಂದು ಎದುರಾಎದುರು.

ಜಾತ್ರೆಗಂತೂ ಬಾ. ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಬಂದರೆ ಬಾದಾಮಿಯಲ್ಲಿ ಇಳಿಯಿರಿ, ನಾನು ಬರುತ್ತೇನೆ. ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಉಣ್ಣೋಣ. ಅಳಿಯಂದಿರಿಗೆ ಖಾರ ಜಾಸ್ತಿ ಆದೀತು, ಅವರಿಗೆ ಮೊಸರು ಎರಡು ಗಡಿಗೆ. ಮಗ್ಗದ ಕೋಣೆಗೆ ಬಾಗಿಲು, ಚೌಕಟ್ಟು ಜಾತ್ರೆಯಲ್ಲೇ ಕೊಳ್ಳುವುದಿದೆ, ಆರಿಸಲು ನೀನಿದ್ದರೆ ಒಳ್ಳೆಯದು. ಪುಷ್ಯದಲ್ಲಿ ಬೆಳಗಿನ ಚಳಿ ಕೆಟ್ಟದ್ದು. ಅವ್ವ ಕೂಸಿಗೆ ಖಣದ ಕುಂಚಿಗೆ ಹೊಲಿಯಲು ಕೂತಿದ್ದಾಳೆ, ಅಳತೆ ಗೊತ್ತಿಲ್ಲದೆ ಕತ್ತರಿ ಹಿಡಿದು ಒದ್ದಾಡುತ್ತಿದ್ದಾಳೆ. ತಲೆಯ ಸುತ್ತಳತೆ ಎಷ್ಟಾಗಿದೆ ಅಂತ ಅಳಿಯಂದಿರ ಕೈಲಾದರೂ ಹೇಳಿ ಕಳಿಸು.

ನಿನ್ನ ಅಪ್ಪ