ಪಿಯುಸಿ ಹುಡುಗನಿಗೆ ‘ಚಿರಸ್ಮರಣೆ’ ಕೊಡಬಾರದಂತೆ!

ಮಾನ್ಯರೇ,

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ‘ದೊಡ್ಡವರ ಕಾದಂಬರಿ’ಗಳನ್ನು ಬೀರುವಿಗೆ ಹಾಕಿ ಬೀಗ ಜಡಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತಲ್ಲ, ಅದರ ಬಿಸಿ ನಿನ್ನೆ ನಮಗೂ ತಟ್ಟಿತು. ಪಿಯುಸಿ ಓದುವ ಮಗನಿಗೆ ನಿರಂಜನರ ‘ಚಿರಸ್ಮರಣೆ’ ಬೇಕಿತ್ತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಮಳೆಯಲ್ಲಿ ನೆನೆದು, ಆಟೋದವರು ಕೇಳಿದಷ್ಟು ಕೊಟ್ಟು ಹೋದೆವು. ಗಾಜಿನಾಚೆ ಪುಸ್ತಕ ಕಾಣುತ್ತಿದೆ, ಬೆನ್ನಿಗೆ ಅಂಟಿಸಿದ ನಂಬರ್ ಚೀಟಿ ಸಮೇತ. ಕೊಡಲಿಲ್ಲ. “ಗಲ್ಲು, ಸಾವು ಎಲ್ಲಾ ಇದೆ ಮೇಡಂ, ಮಕ್ಕಳಿಗೆ ಕೊಡಬಾರದು ಅಂತ ಆರ್ಡರ್ ಆಗಿದೆ” ಎಂದರು. ಆರ್ಡರ್ ತೋರಿಸಿ ಅಂದರೆ ಅದಿಲ್ಲ. ನನ್ನ ಕಾರ್ಡಿಗೇ ಕೊಡಿ ಅಂದೆ. ಕಾರ್ಡ್ ರಿನೀವಲ್ ಆಗಿಲ್ಲವಂತೆ, ಅದನ್ನು ಮಾಡುವವರು ರಜೆಯಂತೆ!

ಸ್ವಾಮಿ, ಆ ಕಾದಂಬರಿ ಬಂದದ್ದು 1955ರಲ್ಲಿ. ಶಾಲೆಗೆ ಹೋಗುವ ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರು ಬೆಳೆದು, ಜಮೀನ್ದಾರರ ವಿರುದ್ಧ ಹೋರಾಡಿದ ಕಯ್ಯೂರಿನ ರೈತರ ಜೊತೆ ನಿಲ್ಲುವ ಕಥೆ, ನಿಜವಾಗಿ ನಡೆದ ಹೋರಾಟದ್ದು. ಹುಡುಗರು ಓದದೆ ಇನ್ಯಾರು ಓದಬೇಕು? ಈಗ ಕೇರಳದಲ್ಲಿರುವ ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಪೊಲೀಸನೊಬ್ಬ ಸತ್ತದ್ದಕ್ಕೆ ಆ ರೈತರ ಮೇಲೆ ಹಾಕಿದ ಕೇಸು ನಡೆದದ್ದು ಮಂಗಳೂರಿನಲ್ಲಿ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಗಲ್ಲು ಶಿಕ್ಷೆಯಾಗಿದ್ದ ಐದನೆಯವನು ಚೂರಿಕ್ಕಾಡನ್ ಕೃಷ್ಣನ್ ನಾಯರ್ ಉಳಿದದ್ದು ಇನ್ನೂ ಪ್ರಾಯಕ್ಕೆ ಬಂದಿಲ್ಲ ಎಂಬ ಕಾರಣಕ್ಕೆ. ಅಷ್ಟು ಚಿಕ್ಕವನು ಅದನ್ನೆಲ್ಲ ಅನುಭವಿಸಿದ. ನನ್ನ ಮಗ ಓದಲೂ ಬಾರದೇ? ಹತ್ತು ವರ್ಷದ ಮಗುವಿಗೆ ಕೊಡಿ ಅಂತ ನಾನೂ ಹೇಳುತ್ತಿಲ್ಲ. ಆದರೆ ಕಾಲೇಜಿಗೆ ಹೋಗುವವರು ಮೊಬೈಲಿನಲ್ಲಿ ಇದಕ್ಕಿಂತ ಜಾಸ್ತಿ ರಕ್ತ ನೋಡುತ್ತಾರೆ, ಅಲ್ವಾ? ಅದಕ್ಕೆ ಬೀಗ ಹಾಕುವವರು ಯಾರೂ ಇಲ್ಲ.

ಆಸ್ತಿ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಮಾತ್ರ ತಪ್ಪದೆ ವಸೂಲಾಗುತ್ತದೆ. ಆ ದುಡ್ಡು ಎಲ್ಲಿ ಹೋಯಿತು? ಚಾವಣಿ ಸೋರಿ ನಿಘಂಟುಗಳು ಉಬ್ಬಿಕೊಂಡಿವೆ. ಹೆಂಗಸರಿಗೆ ಶೌಚಾಲಯವಿಲ್ಲ. ಎದುರಿನ ಚರಂಡಿ ಬಗ್ಗೆ ಹೋದ ವರ್ಷವೇ ಅರ್ಜಿ ಕೊಟ್ಟಿದ್ದೆವು, ಈಗ ಆ ಅರ್ಜಿಯೇ ಸಿಗುತ್ತಿಲ್ಲವಂತೆ.

ಮೊದಲು ಆ ಬೀಗ ತೆಗೆಸಿ. ಇಲ್ಲವೇ ಆರ್ಡರ್ ಹೊರಡಿಸಿದವರು ಯಾರೆಂದು ಹೇಳಿ. ಚರಂಡಿಯನ್ನೂ ಸರಿ ಮಾಡಿಸಿ. ಪುಸ್ತಕ ಓದದವರನ್ನು ತಂದು ಪುಸ್ತಕದ ಮೇಲೆ ಅಧಿಕಾರಕ್ಕೆ ಕೂರಿಸಿದವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

– ಪಿಯುಸಿ ವಿದ್ಯಾರ್ಥಿಯೊಬ್ಬನ ತಾಯಿ